ಹೆಸರು ಬರಲ್ಲ ಎಂದಿದ್ದಳು

ನನಗೊಬ್ಬಳು ಗೆಳತಿಯಿದ್ದಳು. ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ನನ್ನ ಮದುವೆ ಕಾರ್ಡು ಆರಿಸಲು ಸುಲ್ತಾನ್‌ಪೇಟೆಯ ಅಂಗಡಿಗಳನ್ನೆಲ್ಲ ನನ್ನ ಜೊತೆ ಸುತ್ತಿದವಳು ಅವಳೇ. ನಾನು ಚಾಮರಾಜಪೇಟೆಯ ಹಳೆಯ ಶಾಲೆಯೊಂದರಲ್ಲಿ ಕನ್ನಡ ಟೀಚರ್ ಆದೆ, ಅವಳು ಪತ್ರಿಕೆಯೊಂದರಲ್ಲಿ ವರದಿಗಾರ್ತಿಯಾದಳು. ಶನಿವಾರ ಶಾಲೆ ಬೇಗ ಬಿಡುತ್ತಿತ್ತು. ಅವಳಿಗೆ ಬಿಡುವಿದ್ದರೆ ಗಾಂಧಿ ಬಜಾರಿನಲ್ಲಿ ಸೇರಿ, ಕಾಫಿ ಕುಡಿದು, ಗಂಡಂದಿರನ್ನೂ ಮೇಲಧಿಕಾರಿಗಳನ್ನೂ ಮನಸಾರೆ ಬೈದುಕೊಂಡು ಮನೆಗೆ ಹೋಗುತ್ತಿದ್ದೆವು. ಅಲ್ಲಿ ಆಡಿದ ಮಾತು ಅಲ್ಲೇ ಉಳಿಯುತ್ತಿತ್ತು.

ಕಳೆದ ವರ್ಷ ಒಂದು ಬೆಳಿಗ್ಗೆ ನಮ್ಮ ಹೆಡ್‌ಮಿಸ್ ನನ್ನನ್ನು ಕೋಣೆಗೆ ಕರೆದು ಬಾಗಿಲು ಮುಂದಕ್ಕೆ ತಳ್ಳಿದರು. ಮುಂದಿನ ವರ್ಷದಿಂದ ಕನ್ನಡ ಮಾಧ್ಯಮದ ತರಗತಿಗಳನ್ನು ಮುಚ್ಚಬೇಕೆಂದು ಆಡಳಿತ ಮಂಡಳಿ ಯೋಚಿಸುತ್ತಿತ್ತಂತೆ.

"ಇನ್ನೂ ಫೈನಲ್ ಆಗಿಲ್ಲ ಮಿಸ್. ಮಂಡಳಿಯವ್ರನ್ನ ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಮಾತಾಡ್ತಿದೀನಿ. ಇಬ್ಬರು ಆಗ್ಲೇ ನಮ್ ಕಡೆ ಬಂದಿದಾರೆ. ಅಲ್ಲೀವರ್ಗೂ ಇದು ನಿಮ್ಮಲ್ಲೇ ಇರ್ಲಿ" ಎಂದರು.

ಆ ಶನಿವಾರ ಗೆಳತಿಯ ಮುಂದೆ ಕುಳಿತಾಗ ನನಗೆ ತಡೆಯಲಾಗಲಿಲ್ಲ. ಅವಳು ಏನೂ ಕೇಳಿರಲಿಲ್ಲ, ನನ್ನ ಮುಖ ನೋಡಿ "ಏನಾಯ್ತೇ?" ಎಂದಳು, ಅಷ್ಟೇ. ಎಲ್ಲ ಹೇಳಿಕೊಂಡೆ. ನನ್ನ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಹೂವು, ತರಕಾರಿ ಮಾರುವವರ ಮಕ್ಕಳು, ಅವರೆಲ್ಲ ಎಲ್ಲಿಗೆ ಹೋಗಬೇಕು ಎಂದು ಅತ್ತೆ. ಕೊನೆಗೆ, ಅವಳ ಕೆಲಸ ನೆನಪಾಗಿ, ಅವಳಿಂದಲೇ ಕಲಿತ ಮಾತೊಂದನ್ನು ಹೇಳಿದೆ: "ಇದು ಆಫ್ ದ ರೆಕಾರ್ಡ್ ಕಣೇ. ನನ್ನ ಹೆಸರು ಎಲ್ಲೂ ಬರಬಾರ್ದು."

"ಆಯ್ತು ಬಿಡೇ, ನಿನ್ನ ಹೆಸರು ಬರಲ್ಲ" ಎಂದು ನನ್ನ ಕೈ ಒತ್ತಿದಳು.

ಬುಧವಾರದ ಪತ್ರಿಕೆಯಲ್ಲಿ ಸುದ್ದಿ ಬಂತು. ನನ್ನ ಹೆಸರು ಇರಲಿಲ್ಲ. 'ಎರಡು ದಶಕಗಳಿಂದ ಇಲ್ಲಿ ಕನ್ನಡ ಕಲಿಸುತ್ತಿರುವ ಶಿಕ್ಷಕಿಯೊಬ್ಬರು ಕಣ್ಣೀರಿಟ್ಟರು' ಎಂದಿತ್ತು. ಅಷ್ಟು ವರ್ಷದಿಂದ ಅಲ್ಲಿ ಕನ್ನಡ ಕಲಿಸುತ್ತಿದ್ದವಳು ನಾನೊಬ್ಬಳೇ. ನನ್ನ ಅಳು ಕೂಡ ಅಚ್ಚಾಗಿತ್ತು.

ಹೆಡ್‌ಮಿಸ್ ಕೂಗಾಡಲಿಲ್ಲ. "ನಿಮ್ಮನ್ನ ಬಿಟ್ರೆ ಬೇರೆ ಯಾರ್ಗೂ ಹೇಳಿರ್ಲಿಲ್ಲ ಮಿಸ್" ಎಂದು ಪತ್ರಿಕೆಯನ್ನು ನನ್ನ ಕಡೆ ಸರಿಸಿದರು. ನನ್ನ ಮೂಲಕ ಸುದ್ದಿ ಹೊರಗೆ ಬಿಡಿಸಿದವರು ಅವರೇ ಎಂದು ಮಂಡಳಿಯವರು ಅಂದುಕೊಂಡರು. ಒಲಿದಿದ್ದ ಇಬ್ಬರೂ ಹಿಂದೆ ಸರಿದರು. ಬೇಸಿಗೆ ರಜೆಯ ಹೊತ್ತಿಗೆ ಕನ್ನಡ ಮಾಧ್ಯಮ ಮುಚ್ಚಿತು, ಹೆಡ್‌ಮಿಸ್ ಕೆಲಸ ಬಿಟ್ಟು ಹೋದರು. ನನ್ನನ್ನು ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಎರಡನೇ ಭಾಷೆ ಕಲಿಸಲು ಉಳಿಸಿಕೊಂಡರು.

ಸುದ್ದಿ ಬಂದ ದಿನವೇ ಅವಳಿಗೆ ಫೋನ್ ಮಾಡಿದ್ದೆ. "ಹೆಸರು ಹಾಕಿಲ್ವಲ್ಲೇ" ಎಂದಳು, ನಿಜವಾಗಿಯೂ ಆಶ್ಚರ್ಯಪಟ್ಟವಳ ಹಾಗೆ. ಮುಚ್ಚಿದ ಮೇಲೆ ಸಮಾಧಾನ ಹೇಳಲು ಮನೆಗೇ ಬಂದಳು. ಕಾಫಿ ಕೊಟ್ಟೆ. ಮನಸ್ಸು ಒಡೆದಿತ್ತು. ಆದರೂ ಇಷ್ಟು ವರ್ಷದ ಸ್ನೇಹ, ಯಾವುದೋ ಮಾತು ತಪ್ಪಾಗಿ ಕೇಳಿಸಿಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಕೆಲವು ತಿಂಗಳಾದ ಮೇಲೆ ಬಸವನಗುಡಿಯ ಸಭಾಂಗಣವೊಂದರಲ್ಲಿ ಅವಳ ಉಪನ್ಯಾಸವಿತ್ತು, ಪತ್ರಿಕೋದ್ಯಮ ಓದುವ ಮಕ್ಕಳಿಗಾಗಿ. "ನೀನೂ ಬಾರೇ, ಮುಗಿಸ್ಕೊಂಡು ವಿ.ವಿ. ಪುರಂಗೆ ಹೋಗಿ ಏನಾದ್ರೂ ತಿನ್ನೋಣ" ಎಂದು ಕರೆದಳು. ಹೋದೆ. ಹಿಂದಿನ ಸಾಲಿನಲ್ಲಿ ಕುಳಿತೆ.

ಜನ ಗೊಂದಲ ಮಾಡಿಕೊಳ್ಳುವ ಪದಗಳ ಬಗ್ಗೆ ಅವಳು ಚೆನ್ನಾಗಿ ಮಾತಾಡಿದಳು. ಆಫ್ ದ ರೆಕಾರ್ಡ್ ಅಂದರೆ ಕೇಳಿದ್ದನ್ನು ಬರೆಯುವ ಹಾಗೇ ಇಲ್ಲ. ಹೆಸರು ಬೇಡ ಅಂದರೆ ಬೇರೆ, ವಿಷಯ ಬರೆಯಬಹುದು, ಯಾರು ಹೇಳಿದರೆಂದು ಬರೆಯಬಾರದು. "ಇವೆರಡೂ ಒಂದೇ ಅಂತ ಜನ ಅಂದ್ಕೊಂಡಿರ್ತಾರೆ" ಎಂದು ನಕ್ಕಳು. "ನನ್ನ ಒಬ್ರು ಸೋರ್ಸ್ ಇದ್ರು, ಟೀಚರ್. ಒಂದೇ ಉಸಿರಲ್ಲಿ ಆಫ್ ದ ರೆಕಾರ್ಡ್ ಅಂದ್ರು, ಹೆಸರು ಹಾಕ್ಬೇಡಿ ಅಂತಾನೂ ಅಂದ್ರು. ನಾನು ಎರಡನೇದನ್ನ ಹಿಡ್ಕೊಂಡೆ. ಫ್ರಂಟ್ ಪೇಜ್ ಬಂತು!"

ಮಕ್ಕಳು ನಕ್ಕರು. ನನ್ನ ಕಿವಿಯಲ್ಲಿ ಉಳಿದದ್ದು ಸೋರ್ಸ್ ಎನ್ನುವ ಪದ. ಅಷ್ಟು ವರ್ಷ ಅವಳ ಗೆಳತಿ ಎಂದುಕೊಂಡಿದ್ದ ನಾನು ಅವಳ ಲೆಕ್ಕದಲ್ಲಿ ಸುದ್ದಿ ಕೊಡುವವಳಾಗಿದ್ದೆ, ಅಷ್ಟೇ.

ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಎದ್ದು ನಿಂತೆ. "ಆ ಟೀಚರ್‌ಗೆ ಇವೆರಡರ ವ್ಯತ್ಯಾಸ ಗೊತ್ತಿಲ್ಲ ಅಂತ ನಿಮಗೆ ಗೊತ್ತಿತ್ತಾ, ಮೇಡಂ?"

ಅವಳನ್ನು ನಾನು ಮೇಡಂ ಎಂದದ್ದು ಅದೇ ಮೊದಲು. ಮೈಕಿನ ಹಿಂದೆ ಅವಳ ಮುಖ ಬಿಳಿಚಿತು. ನೀರು ಕುಡಿದಳು. "ಅದು... ಸಂದರ್ಭ ನೋಡ್ಬೇಕಾಗುತ್ತೆ" ಎಂದು ಮುಂದಿನ ಪ್ರಶ್ನೆಗೆ ಹೋದಳು.

ನಾನು ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹಿಂದೆಯೇ ಓಡಿ ಬಂದಳು.

"ಎಲ್ಲರ ಮುಂದೆ ಹಿಂಗೆ ಕೇಳ್ಬೇಕಿತ್ತೇನೇ?"

"ಈಗ ಯಾರೂ ಇಲ್ವಲ್ಲ, ಹೇಳು. ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಒಂದು ಮಾತು ಕೇಳ್ಬೋದಿತ್ತಲ್ಲೇ, ಬರೀಲಾ ಅಂತ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಸುಳ್ಳು ಹೇಳಿದ್ದರೆ ಬಹುಶಃ ನಂಬಿಬಿಡುತ್ತಿದ್ದೆ. ಆ ಸಂಜೆ ಅವಳ ಜೊತೆ ವಿ.ವಿ. ಪುರಂವರೆಗೂ ಹೋಗುತ್ತಿದ್ದೆ, ನಗುತ್ತಿದ್ದೆ ಕೂಡ. ಅವಳು ನಿಜ ಹೇಳಿದಳು. "ಬರ್ತೀನಿ" ಎಂದು ಹೇಳಿ ಒಬ್ಬಳೇ ನಡೆದೆ. ಅವಳು ನನ್ನ ಹೆಸರು ಹಿಡಿದು ಕೂಗಿದ್ದು ಕೇಳಿಸಿತು. ತಿರುಗಿ ನೋಡಲಿಲ್ಲ.