ಕಿವಿಗೆ ಹಿಡಿದ ಕೈಗಡಿಯಾರ

ಅರಸೀಕೆರೆ ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರು ಕಣಕಟ್ಟೆ ಕಡೆಯ ಕೊಬ್ಬರಿ ವ್ಯಾಪಾರಿ. "ಟೈಮೆಷ್ಟಾಯ್ತು ಸ್ವಾಮಿ?" ಎಂದರು. ಬಾಯಲ್ಲಿ ಹೇಳಬಹುದಿತ್ತು, ಜಂಬ ಬಿಡಲಿಲ್ಲ. ಕೈಗಡಿಯಾರ ಬಿಚ್ಚಿ, ಅದರ ಅಂಚಿನ ಸಣ್ಣ ಕೀಲನ್ನು ಜಾರಿಸಿ ಅವರ ಮುಂದೆ ಹಿಡಿದೆ. ಒಳಗೆ ಬಳೆಯಂತೆ ಸುತ್ತಿಟ್ಟ ಎರಡು ಉಕ್ಕಿನ ತಂತಿಗಳನ್ನು ಅಕ್ಕಿಕಾಳಿನಷ್ಟು ಪುಟ್ಟ ಸುತ್ತಿಗೆಗಳು ಬಡಿದವು. ತಗ್ಗು ದನಿಯಲ್ಲಿ ಗಂಟೆ, ಜೋಡಿ ದನಿಯಲ್ಲಿ ಕಾಲುಗಂಟೆ, ಏರು ದನಿಯಲ್ಲಿ ನಿಮಿಷ.

"ಚೆನ್ನಾಗೈತೆ, ಕೊಡಿ ಒಂದ್ಸಲ" ಎಂದು ಇಸಕೊಂಡರು. ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಜೋರಾಗಿ ಅಲ್ಲಾಡಿಸಿದರು. ಅಟ್ಟದಿಂದ ಇಳಿಸಿದ ಕಾಯಿಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಈ ಕಡೆಯವರು ಹಾಗೆಯೇ ನೋಡುವುದು.

ನಾನು ತಟ್ಟನೆ ಕಿತ್ತುಕೊಂಡೆ. "ತೆಂಗಿನಕಾಯಿ ಅನ್ಕೊಂಡ್ರಾ? ಇದರ ಬೆಲೆ ಗೊತ್ತೇನ್ರೀ?"

"ತಪ್ಪಾಯ್ತು ಸ್ವಾಮಿ. ಮಾಲು ಕೈಗೆ ಬಂದ್ರೆ ಹಂಗೇ ಅಭ್ಯಾಸ" ಎಂದರು ಮೆಲ್ಲಗೆ.

ಗಡಿಯಾರಕ್ಕೆ ಏನೂ ಆಗಿರಲಿಲ್ಲ. ಮತ್ತೆ ಕೈಗೆ ಕಟ್ಟಿಕೊಂಡೆ. ಅವರು ಚೀಲ ಎತ್ತಿಕೊಂಡು ಆಚೆ ಬೆಂಚಿಗೆ ಹೋದರು. ಅಲ್ಲಿ ಕೂತಿದ್ದ ಹೆಂಗಸನ್ನು ಕೇಳಿದರು: "ಟೈಮೆಷ್ಟಾಯ್ತವ್ವಾ?"