ತಕ್ಕಡಿಗೆ ಕಟ್ಟಿದ ಕಲ್ಲು

ಚಿಂತಾಮಣಿ ಮಾರುಕಟ್ಟೆಯಲ್ಲಿ ಬದನೆಕಾಯಿ ಮಾರುತ್ತಿದ್ದ ಹೆಂಗಸಿನ ತಕ್ಕಡಿಯ ಒಂದು ತಟ್ಟೆಯ ಕೆಳಗೆ ತೂತಿನ ಕಲ್ಲೊಂದು ನೇತಾಡುತ್ತಿತ್ತು.

“ಏನು ನಾರಾಯಣಮ್ಮ, ತಕ್ಕಡಿಗೂ ತಾಯತ ಕಟ್ಟಿದ್ದೀಯಾ?” ಎಂದು ಗಿರಾಕಿಯೊಬ್ಬ ಕೆಣಕಿದ.

“ದೃಷ್ಟಿಯಾಗೋಕೆ ಅದೇನು ನಿನ್ನಂಗೆ ಚೆಂದಾಗೈತಾ? ಈ ತಟ್ಟೆ ಹಗುರ ಕಣಪ್ಪ. ಕಲ್ಲು ಕಟ್ಟಿದ್ರೆ ಎರಡೂ ಸಮ. ಭಾರ ಜಾಸ್ತಿ ಆದ್ರೆ ಅದರ ಬುಡ ಉಜ್ತೀನಿ.” ಖಾಲಿ ತಕ್ಕಡಿ ಎತ್ತಿ ತೋರಿಸಿದಳು. ಮುಳ್ಳು ನೆಟ್ಟಗೆ ನಿಂತಿತು.

ಬದನೆಕಾಯಿ ಕೊಳ್ಳಲು ಪಕ್ಕದಲ್ಲೇ ನಿಂತಿದ್ದ ನನಗೆ ಇನ್ನೊಂದು ತೂತಿನ ತುಂಡು ನೆನಪಾಯಿತು. ಹೋದ ವರ್ಷ ಗ್ರೀಸಿನ ಉತ್ಖನನವೊಂದರಲ್ಲಿ ಸಿಕ್ಕ ಸಣ್ಣಪುಟ್ಟ ವಸ್ತುಗಳ ಪಟ್ಟಿ ಮಾಡುವುದು ನನ್ನ ಕೆಲಸವಾಗಿತ್ತು. ಹಳೆಯ ಅಂಗಡಿಯ ನೆಲದಲ್ಲಿ ಸಿಕ್ಕ, ತೂತಿದ್ದ ಸೀಸದ ಬಿಲ್ಲೆಯೊಂದು ಅಲ್ಲಿನ ಯಾವ ತೂಕಕ್ಕೂ ಹೊಂದಲಿಲ್ಲ. ನಾನು ‘ತಾಯತ’ ಎಂದು ಬರೆದುಬಿಟ್ಟೆ. ಆ ಪಟ್ಟಿ ಈ ತಿಂಗಳು ಅಚ್ಚಿಗೆ ಹೋಗುತ್ತದೆ.

ಬಿಲ್ಲೆಯ ಬುಡದಲ್ಲಿ ಚಾಕುವಿನಿಂದ ಕೆರೆದ ಗೆರೆಗಳಿದ್ದ ನೆನಪು. ಆದರೆ ಅದು ಅಲ್ಲಿ ಕಂಡದ್ದೋ, ಈಕೆಯ ಮಾತು ಕೇಳಿ ಈಗಷ್ಟೇ ಹುಟ್ಟಿದ್ದೋ, ಆಣೆಯಿಟ್ಟು ಹೇಳಲಾರೆ.

ವಿಮಾನದಂಚೆಯ ಕಾಗದ ತಂದು, ಅಲ್ಲೇ ಮೂಟೆಯ ಮೇಲೆ ಕೂತು ಉತ್ಖನನದ ಮುಖ್ಯಸ್ಥರಿಗೆ ಬರೆದೆ: ‘ದಯವಿಟ್ಟು ಬಿಲ್ಲೆಯ ಬುಡ ನೋಡಿ. ಭಾರ ಇಳಿಸಲು ಕೆರೆದ ಗೆರೆಗಳಿದ್ದರೆ ಅದು ತಕ್ಕಡಿ ಸಮಮಾಡುವ ತುಂಡು. ತಾಯತ ಎಂಬುದನ್ನು ಹೊಡೆದುಹಾಕಿ. ಇಲ್ಲದಿದ್ದರೆ ನನ್ನ ಮಾತು ನಂಬಬೇಡಿ.’

“ಯಾರಿಗೆ ಸ್ವಾಮಿ ಕಾಗದ?” ಎಂದಳು ನಾರಾಯಣಮ್ಮ.

“ದೂರದ ದೇಶಕ್ಕಮ್ಮ. ಎರಡು ಸಾವಿರ ವರ್ಷದ ಹಿಂದೆ ಅಲ್ಲೂ ಯಾರೋ ನಿಮ್ಮ ಹಾಗೇ ತಕ್ಕಡಿ ಹಿಡಿದಿದ್ದರು ಅನ್ನಿಸ್ತಿದೆ.”

“ಅಲ್ಲೂ ಗಿರಾಕಿಗಳು ಇಂಗೇ ತಲೆ ತಿಂತಿದ್ರಾ?”

ಕಾಗದದಲ್ಲಿ ಇನ್ನೂ ಜಾಗವಿತ್ತು. ಆ ಪ್ರಶ್ನೆಯನ್ನೂ ಸೇರಿಸಿ ಅಂಟಿಸಿದೆ.