ಬ್ರೌಸರ್‌ಗೆ ಎರಡನೆಯ ದಾರಿ ತೋರಿಸಲು ಹೋಗಿ

ಯಲಹಂಕದ ಒಂದು ಸಣ್ಣ ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ಡಾಕ್ಟರ ಮೇಜಿನ ಮೇಲಿದ್ದ ಕಂಪ್ಯೂಟರಿಗೆ ನಾನು ತಿದ್ದಿದ ಬ್ರೌಸರ್ ಹಾಕಿ ಇನ್ನೂ ಎದ್ದಿರಲಿಲ್ಲ. ಅಷ್ಟರಲ್ಲಿ ಯಶವಂತಪುರದಿಂದ ನನ್ನ ಸಹೋದ್ಯೋಗಿಯ ಫೋನ್ ಬಂತು.

"ಮೇನ್ ಸರ್ವರ್ ಆಫ್ ಆಗ್ಬಿಟ್ಟಿದೆ ಕಣ್ರೀ. ಪವರ್ ಸಪ್ಲೈ ಸುಟ್ಟೋಗಿರ್ಬೇಕು, ವಾಸ್ನೆ ಬರ್ತಿದೆ."

"ಹೆಬ್ಬಾಳದ್ದು?"

"ಅದು ಸರಿಯಾಗಿದೆ. ನಿಮ್ಮ ಬ್ರೌಸರ್ ತಾನಾಗೇ ಅಲ್ಲಿಗೆ ಹೋಗ್ಬೇಕು. ನೋಡಿ, ಹೋಗುತ್ತಾ ಅಂತ."

ಸಣ್ಣ ಆಸ್ಪತ್ರೆಗಳ ರೋಗಿಗಳ ದಾಖಲೆಗಳನ್ನು ಜೋಪಾನ ಮಾಡುವುದು ನಮ್ಮ ಕಂಪನಿಯ ಕೆಲಸ. ಯಶವಂತಪುರದ ಸರ್ವರ್ ಕೆಟ್ಟರೆ ಇರಲೆಂದು ಹೆಬ್ಬಾಳದಲ್ಲಿ ಇನ್ನೊಂದನ್ನು ಇಟ್ಟಿದ್ದೆವು. ಬ್ರೌಸರ್‌ನಲ್ಲಿ ಒಂದು ತಾಣದ ಹೆಸರು ಟೈಪ್ ಮಾಡಿದಾಗ, ಆ ಹೆಸರಿನ ಯಂತ್ರ ಎಲ್ಲಿದೆ ಎಂದು ಅದು ಡಿಎನ್‌ಎಸ್ ಎಂಬ ಇಂಟರ್ನೆಟ್ಟಿನ ವಿಳಾಸಪುಸ್ತಕವನ್ನು ಕೇಳುತ್ತದೆ. ಅದೇ ಡಿಎನ್‌ಎಸ್‌ನಲ್ಲಿ ಸರ್ವೀಸ್ ರೆಕಾರ್ಡ್ ಎಂಬ ಇನ್ನೊಂದು ಬಗೆಯ ನಮೂದೂ ಉಂಟು. ಮೊದಲು ಈ ಯಂತ್ರಕ್ಕೆ ಹೋಗು, ಅದು ಸಿಗದಿದ್ದರೆ ಆ ಯಂತ್ರಕ್ಕೆ ಹೋಗು ಎಂದು ಅದು ಹೇಳುತ್ತದೆ. ಇಂಟರ್ನೆಟ್ ಫೋನು, ಚಾಟ್‌ಗಳ ಸಾಫ್ಟ್‌ವೇರ್ ಎಷ್ಟೋ ಕಾಲದಿಂದ ಅದನ್ನು ಕೇಳಿ ನಡೆಯುತ್ತಿವೆ. ಬ್ರೌಸರ್‌ಗಳು ಮಾತ್ರ ಕೇಳುವುದೇ ಇಲ್ಲ. ಕೇಳುವಂತೆ ಮಾಡಿ ಎಂಬ ಕೋರಿಕೆ ಯಾರು ಬೇಕಾದರೂ ತಿದ್ದಬಹುದಾದ ಒಂದು ಬ್ರೌಸರ್‌ನ ತಾಣದಲ್ಲಿ ವರ್ಷಗಟ್ಟಲೆ ಹಾಗೇ ಬಿದ್ದಿತ್ತು. ಅದಕ್ಕೆ ಬೇಕಾದ ಕೋಡ್ ನಾನೇ ಬರೆಯುತ್ತೇನೆ ಎಂದು ಕೂತೆ, ಬರೆದು ಕಳಿಸಿದೆ.

ಅದನ್ನು ಪರಿಶೀಲಿಸಿದವರು ಯಾವುದೋ ದೇಶದವರು, ಮುಖ ನೋಡಿದವಳಲ್ಲ. ಅವರದು ಒಂದೇ ತಕರಾರು: ಕೆಲವು ಹಳೆಯ ರೌಟರ್‌ಗಳು ಸರ್ವೀಸ್ ರೆಕಾರ್ಡ್‌ನಂಥ ಗುರುತಿಲ್ಲದ ಪ್ರಶ್ನೆ ಬಂದರೆ 'ಇಲ್ಲ' ಎಂದೂ ಹೇಳುವುದಿಲ್ಲ, ಸುಮ್ಮನೆ ನುಂಗಿಬಿಡುತ್ತವೆ. ಆಗ ಬ್ರೌಸರ್ ಎಷ್ಟು ಹೊತ್ತು ಕಾಯಬೇಕು? ಅಂಥ ರೌಟರ್ ಈಗ ಎಲ್ಲಿವೆ ಎಂದು ನಾನು ವಾದಿಸಿದೆ. ಇಲ್ಲವೆಂದು ತೋರಿಸಿ ಎಂದರು. ಅದಕ್ಕೇ ಈ ಆಸ್ಪತ್ರೆಯಲ್ಲಿ, ಡಾಕ್ಟರ ಒಪ್ಪಿಗೆ ಪಡೆದು, ಒಂದು ಕಂಪ್ಯೂಟರಿನಲ್ಲಿ ಪ್ರಯೋಗಕ್ಕೆ ಬಂದಿದ್ದು.

ಫೋನ್ ಇಟ್ಟೆನೋ ಇಲ್ಲವೋ, ಸ್ಟ್ರೆಚರ್ ಒಳಗೆ ಬಂತು. ಹುಣಸಮಾರನಹಳ್ಳಿಯ ಒಬ್ಬ ಅಜ್ಜಿ. ಪಕ್ಕದಲ್ಲಿ ಮಗಳು, ಸೆರಗಿನಿಂದ ತಾಯಿಯ ಬಾಯಿ ಒರೆಸುತ್ತಿದ್ದಳು.

"ಕಾಪಿ ಕುಡೀತಾ ಕುಂತಿದ್ಲು ಡಾಕ್ಟ್ರಮ್ಮಾ. ನೋಡ್ತಾ ನೋಡ್ತಾ ಬಾಯಿ ಇಂಗೆ ಎಳ್ಕೊಂಡ್ಬಿಡ್ತು."

ಡಾಕ್ಟರು ಅಜ್ಜಿಯ ಕೈ ಎತ್ತಿ ಬಿಟ್ಟರು. ಬಲಗೈ ದಪ್ಪನೆ ಬಿತ್ತು. ತಲೆಯ ಸ್ಕ್ಯಾನ್‌ಗೆ ಕಳಿಸಿ, ಮಗಳ ಕಡೆ ತಿರುಗಿದರು.

"ರಕ್ತ ತೆಳು ಮಾಡೋ ಮಾತ್ರೆ ಏನಾದ್ರೂ ತಗೊಳ್ತಾರಾ?"

"ಎದೆಗೆ ಅಂತ ಯಾವುದೋ ತಗೋತಾಳೆ. ಎಸ್ರು ಗೊತ್ತಿಲ್ಲ ಕಣಮ್ಮಾ. ಇಲ್ಲೇ ಕೊಟ್ಟಿದ್ದು."

ಡಾಕ್ಟರು ನನ್ನತ್ತ ನೋಡಿದರು. "ಹಳೇ ರೆಕಾರ್ಡ್ ತೆಗೀರಿ. ಸ್ಟ್ರೋಕ್ ಇರ್ಬೇಕು, ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣದಿದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡ್ಬೇಕು. ಆ ಮಾತ್ರೆ ತಗೊಳ್ತಿದ್ರೆ ಕೊಡೋ ಹಾಗಿಲ್ಲ, ತಲೇಲಿ ರಕ್ತಸ್ರಾವ ಆಗ್ಬಹುದು."

ನಮ್ಮ ತಾಣದ ಹೆಸರು ಟೈಪ್ ಮಾಡಿದೆ. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಹೆಬ್ಬಾಳಕ್ಕೆ ಹೋಗುತ್ತಿದೆ ಅಂದುಕೊಂಡೆ. ಚಕ್ರ ತಿರುಗುತ್ತಲೇ ಇತ್ತು. ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿ ಹಳೆಯ ಬ್ರೌಸರ್ 'ತಾಣ ಸಿಗುತ್ತಿಲ್ಲ' ಎಂದು ಹೇಳಿ ಕೈತೊಳೆದುಕೊಂಡಿತ್ತು. ನನ್ನದು ಅದನ್ನೂ ಹೇಳುತ್ತಿರಲಿಲ್ಲ.

"ಬಂತೇನ್ರೀ?"

"ಒಂದ್ನಿಮಿಷ ಮೇಡಂ."

ಹೆಬ್ಬಾಳದ ಯಂತ್ರದ ವಿಳಾಸವನ್ನೇ ನೇರವಾಗಿ ಹೊಡೆದೆ. ಭದ್ರತೆಯ ಎಚ್ಚರಿಕೆ ಬಂದು ಒಳಗೆ ಬಿಡಲಿಲ್ಲ. ಡಿಎನ್‌ಎಸ್‌ನಲ್ಲಿ ವಿಳಾಸ ಬದಲಿಸೋಣವೆಂದರೆ, ಹಳೆಯ ಉತ್ತರ ಇನ್ನೂ ಒಂದಷ್ಟು ಹೊತ್ತು ಎಲ್ಲೆಡೆ ಉಳಿದೇ ಇರುತ್ತದೆ. ಆ ಗಡಿಬಿಡಿಯಲ್ಲಿ ಕಣ್ಣು ಗೋಡೆಯತ್ತ ಹೋಯಿತು. ಮೂಲೆಯಲ್ಲಿ ಧೂಳು ಹಿಡಿದ ಒಂದು ರೌಟರ್, ಅಂಟುಪಟ್ಟಿಯಲ್ಲಿ ಕಟ್ಟಿ ನಿಲ್ಲಿಸಿದ್ದು. ನನ್ನ ಬ್ರೌಸರ್ ಕೇಳಿದ ಪ್ರಶ್ನೆಯನ್ನು ಅದು ನುಂಗಿ ಕೂತಿತ್ತು.

ಚೀಲದಿಂದ ನನ್ನ ಲ್ಯಾಪ್‌ಟಾಪ್ ಎಳೆದೆ. ಅದರಲ್ಲೂ ಅದೇ ತಿದ್ದಿದ ಬ್ರೌಸರ್ ಇತ್ತು. ಆಸ್ಪತ್ರೆಯ ವೈಫೈ ಬಿಟ್ಟು ನನ್ನ ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿದೆ. ಎರಡು ಸಲ ಪಾಸ್‌ವರ್ಡ್ ತಪ್ಪಾಯಿತು. ಮೂರನೆಯ ಸಲಕ್ಕೆ ಸೇರಿತು. ತಾಣದ ಹೆಸರು ಹೊಡೆದೆ. ಯಶವಂತಪುರ ಸಿಗಲಿಲ್ಲ. ಬ್ರೌಸರ್ ಕ್ಷಣವೂ ತಡಮಾಡದೆ ಹೆಬ್ಬಾಳಕ್ಕೆ ಹೋಗಿ ಪುಟ ತೆರೆಯಿತು. ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಓಡಿ, ಡಾಕ್ಟರು ತಮ್ಮ ಲಾಗಿನ್ ಹಾಕಲೆಂದು ಅವರ ಮುಂದಿಟ್ಟೆ.

ಅವರು ಅಜ್ಜಿಯ ದಾಖಲೆ ತೆಗೆದು ಬೆರಳಿಟ್ಟು ಓದಿದರು. "ತಗೊಳ್ತಾರೆ. ಇಂಜೆಕ್ಷನ್ ಬೇಡ ಸಿಸ್ಟರ್. ಆಂಬುಲೆನ್ಸ್‌ಗೆ ಹೇಳಿ, ದೊಡ್ಡಾಸ್ಪತ್ರೆಗೆ ಕಳಿಸ್ತೀನಿ, ಅಲ್ಲಿ ನಳಿಗೆ ಹಾಕಿ ಹೆಪ್ಪು ತೆಗೀತಾರೆ."

ಅಜ್ಜಿಯನ್ನು ಆಂಬುಲೆನ್ಸ್‌ನಲ್ಲಿ ಕರೆದೊಯ್ದರು. ಅಜ್ಜಿ ಬದುಕಿದರು, ಬಲಗೈಗೆ ಮಾತ್ರ ಮೊದಲಿನ ಶಕ್ತಿ ಬರಲಿಲ್ಲ ಎಂದು ಆಮೇಲೆ ಡಾಕ್ಟರಿಂದ ತಿಳಿಯಿತು.

ಆ ವಾರವೇ ಪರಿಶೀಲಕರಿಗೆ ನಡೆದದ್ದನ್ನೆಲ್ಲ ಬರೆದೆ. ಮಾಮೂಲಿ ವಿಳಾಸದ ಪ್ರಶ್ನೆ, ಸರ್ವೀಸ್ ರೆಕಾರ್ಡ್‌ನ ಪ್ರಶ್ನೆ ಎರಡನ್ನೂ ಒಟ್ಟಿಗೇ ಕೇಳುವಂತೆ, ಒಂದಕ್ಕೆ ಉತ್ತರ ಬಾರದಿದ್ದರೆ ಕಾಯದೆ ಮುಂದೆ ಹೋಗುವಂತೆ ಕೋಡ್ ತಿದ್ದಿದೆ. ಆದರೂ ಅಂಥ ರೌಟರ್ ಇದ್ದಲ್ಲಿ ಎರಡನೆಯ ದಾರಿ ಗೊತ್ತಾಗುವುದಿಲ್ಲ, ಚಕ್ರ ತಿರುಗುವುದು ತಪ್ಪುತ್ತದೆ, ಅಷ್ಟೇ. ಅವರಿಗೆ ಅದು ಒಪ್ಪಿಗೆಯಾಯಿತು. ಅವರ ಮೇಲಿನವರಿಗೆ ಆಗಲಿಲ್ಲ. ವೆಬ್‌ಗೆಂದೇ ಬೇರೊಂದು ಬಗೆಯ ರೆಕಾರ್ಡ್ ತಯಾರಾಗುತ್ತಿದೆ, ಬ್ರೌಸರ್‌ಗಳು ಅದನ್ನೇ ಕೇಳಲಿವೆ ಎಂದು ತಿಳಿಸಿ ಕೋರಿಕೆಯನ್ನು ಮುಚ್ಚಿದರು.

ಆ ಸುದ್ದಿ ಓದಿದ ದಿನ ಸಹೋದ್ಯೋಗಿ ಆರ್.ಟಿ. ನಗರದ ನಮ್ಮ ಆಫೀಸಿನಲ್ಲಿ ಎದುರು ಕೂತು ಕೇಳಿದರು, "ಬೇಜಾರಾಯ್ತಾ?"

"ಆಯ್ತು" ಅಂದೆ.

ಮಧ್ಯಾಹ್ನ ಇಬ್ಬರೂ ಹೊಸ ರೌಟರ್ ಒಂದನ್ನು ತೆಗೆದುಕೊಂಡು ಯಲಹಂಕಕ್ಕೆ ಹೊರಟೆವು.